ಉಂಡದ್ದು ಅರಗುವ ಬಗೆ

(ಉತ್ಸವದ ಸಂಜೆಯ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಾಠ)



ದೇವರ ಉತ್ಸವವೆಂದರೆ ಎರಡು ಸಾಲುಗಳು ಕಣ್ಣಿಗೆ ಬೀಳುತ್ತವೆ. ಒಂದು ದರ್ಶನದ ಸಾಲು, ಮತ್ತೊಂದು ಅನ್ನಸಂತರ್ಪಣೆಯ ಪಂಕ್ತಿ. ಹಿಂದೂಪುರವಾಗಲಿ ಕಲ್ಯಾಣದುರ್ಗವಾಗಲಿ, ಪಂಕ್ತಿಯಲ್ಲಿ ಕೂತವರು ಕೋಸಂಬರಿ, ಚಿತ್ರಾನ್ನ, ಓಳಿಗೆ, ಅನ್ನ ಸಾರು, ಮಜ್ಜಿಗೆಗಳೆಲ್ಲವನ್ನೂ ಮುಗಿಸಿ ಎಲೆ ಮಡಿಚಿ ಏಳುವಾಗ ಒಬ್ಬರಲ್ಲ ಒಬ್ಬರು ಹೊಟ್ಟೆ ಸವರಿಕೊಂಡು ಆಡುವ ಮಾತು ಒಂದೇ: "ಇದೆಲ್ಲ ಅರಗಿದರೆ ಸಾಕಪ್ಪಾ!" ಅರಗುವುದೆಂದರೇನು, ಅರಗಿಸುವವರು ಯಾರು ಎಂಬುದೇ ಇಂದಿನ ಮಾತಿನ ವಿಷಯ.

ಹಿರಿಯರು ಇದಕ್ಕೆ ಜಠರಾಗ್ನಿ ಎಂದು ಹೆಸರಿಟ್ಟರು. ಭಗವದ್ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಭಗವಂತನು ತಾನೇ ವೈಶ್ವಾನರನೆಂಬ ಅಗ್ನಿಯಾಗಿ ಪ್ರಾಣಿಗಳ ದೇಹದಲ್ಲಿದ್ದು ನಾಲ್ಕು ವಿಧದ ಅನ್ನವನ್ನು ಪಚನಮಾಡುವುದಾಗಿ ಹೇಳಿದ್ದಾನೆ. ಆಯುರ್ವೇದವು ಜಠರಾಗ್ನಿಯೊಂದು, ಭೂತಾಗ್ನಿಗಳು ಐದು, ಧಾತ್ವಗ್ನಿಗಳು ಏಳು ಎಂದು ಒಟ್ಟು ಹದಿಮೂರು ಅಗ್ನಿಗಳನ್ನು ಎಣಿಸುತ್ತದೆ. ಮನೆಯ ಅಜ್ಜಿಯರಂತೂ ಶಾಸ್ತ್ರಕ್ಕೆ ಹೋಗದೆ, ಮಗುವಿನ ಹೊಟ್ಟೆ ನೀವುತ್ತಾ ವಾತಾಪಿಯನ್ನು ಜೀರ್ಣಿಸಿಕೊಂಡ ಅಗಸ್ತ್ಯರನ್ನು ನೆನೆದು ಕೆಲಸ ಮುಗಿಸುತ್ತಾರೆ. ಒಳಗೆ ಏನೋ ಒಂದು ಶಕ್ತಿ ಬೇಯಿಸುತ್ತಿದೆ ಎಂಬ ಅರಿವು ಇವೆಲ್ಲದರಲ್ಲೂ ಇದೆ.

ಆದರೆ ಇಲ್ಲಿ ಒಂದು ಸೋಜಿಗವಿದೆ. ಅಕ್ಕಿ ಅನ್ನವಾಗಬೇಕಾದರೆ ನೀರು ಕೊತಕೊತ ಕುದಿಯಬೇಕು. ಆ ಅನ್ನದಲ್ಲಿರುವ ಗಂಜಿ, ಎಂದರೆ ಪಿಷ್ಟ, ಸಕ್ಕರೆಯಾಗಬೇಕಾದರೆ ಪ್ರಯೋಗಶಾಲೆಯಲ್ಲಿ ಆಮ್ಲ ಹಾಕಿ ಬಹಳ ಹೊತ್ತು ಕುದಿಸಬೇಕು. ಮನುಷ್ಯನ ಮೈಯ ಬಿಸಿ ಎಷ್ಟು? 37 ಡಿಗ್ರಿ. ಕಲ್ಯಾಣದುರ್ಗದ ಏಪ್ರಿಲ್ ಬಿಸಿಲು ಅದಕ್ಕಿಂತ ಹೆಚ್ಚಿರುತ್ತದೆ! ಇಷ್ಟು ಉಗುರುಬೆಚ್ಚಗಿನ ಒಲೆಯ ಮೇಲೆ, ಒಂದು ಹೊತ್ತಿನ ಊಟವನ್ನು ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಸೇರುವಷ್ಟು ನುಣ್ಣಗೆ ಒಡೆಯುವುದು ಹೇಗೆ ಸಾಧ್ಯ? ಇದಕ್ಕೆ ಉತ್ತರವೇ ಕಿಣ್ವಗಳು. ಶಾಲೆಗೆ ಹೋಗುವ ಮಕ್ಕಳು ಎನ್‌ಜೈಮ್ ಎಂದು ಓದುತ್ತಾರಲ್ಲ, ಅದೇ.

ದೇವರಿಗೆ ಹಾಕಿದ ಹೂವಿನ ಹಾರವನ್ನು ಮನಸ್ಸಿಗೆ ತಂದುಕೊಳ್ಳಿ. ಪಿಷ್ಟವೆಂಬುದು ಅಂಥ ಒಂದು ಹಾರ. ಅದರ ಒಂದೊಂದು ಹೂವೂ ಒಂದೊಂದು ಗ್ಲೂಕೋಸ್ ಅಣು. ನೂರಾರು, ಸಾವಿರಾರು ಹೂಗಳ ಹಾರ. ಪ್ರೋಟೀನ್ ಇನ್ನೊಂದು ಬಗೆಯ ಹಾರ, ಅದರಲ್ಲಿ ಇಪ್ಪತ್ತು ಜಾತಿಯ ಹೂಗಳು ಬೆರೆತಿರುತ್ತವೆ. ಕರುಳಿನ ಗೋಡೆಯ ಕಿಂಡಿ ಬಹಳ ಚಿಕ್ಕದು. ಬಿಡಿ ಹೂ ಹೋಗಬಲ್ಲುದೇ ಹೊರತು ಇಡೀ ಹಾರ ಹೋಗಲಾರದು. ಆದ್ದರಿಂದ ಹಾರವನ್ನು ಬಿಡಿಸಬೇಕು. ಕಿಣ್ವವು ಆ ದಾರವನ್ನು ಕತ್ತರಿಸುವ ಕತ್ತರಿ. ಕತ್ತರಿಸಿದ ಮೇಲೆ ಕತ್ತರಿ ಸವೆದುಹೋಗುವುದಿಲ್ಲ. ಒಂದು ದಾರ ಮುಗಿದರೆ ಮತ್ತೊಂದು ದಾರಕ್ಕೆ ಹೋಗುತ್ತದೆ. ಆದರೆ ಒಂದು ಕತ್ತರಿ ಒಂದು ಜಾತಿಯ ದಾರವನ್ನಷ್ಟೇ ಕತ್ತರಿಸುತ್ತದೆ. ಪಿಷ್ಟ ಕತ್ತರಿಸುವ ಕಿಣ್ವ ಬೇಳೆಯ ಪ್ರೋಟೀನನ್ನು ಮುಟ್ಟುವುದಿಲ್ಲ, ಪ್ರೋಟೀನಿನ ಕಿಣ್ವ ತುಪ್ಪದ ಗೊಡವೆಗೆ ಹೋಗುವುದಿಲ್ಲ. ಜರ್ಮನಿಯ ಎಮಿಲ್ ಫಿಷರ್ 1894ರಲ್ಲಿ ಇದನ್ನು ಬೀಗ ಮತ್ತು ಬೀಗದಕೈಗೆ ಹೋಲಿಸಿದ. ಆ ಹೋಲಿಕೆಯನ್ನು ಮುಂದಿನವರು ಸ್ವಲ್ಪ ತಿದ್ದಿದ್ದಾರಾದರೂ ತಿಳಿಯುವುದಕ್ಕೆ ಅದೇ ಸಲೀಸು.

ಇದು ಗೊತ್ತಾದದ್ದು ಹೇಗೆ ಎಂಬುದಕ್ಕೆ ಒಂದು ವಿಚಿತ್ರ ಕಥೆಯಿದೆ. 1822ರ ಜೂನ್ ತಿಂಗಳಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ತೀರಾ ಹತ್ತಿರದಿಂದ ಕೋವಿಯ ಗುಂಡು ತಗುಲಿತು. ವಿಲಿಯಂ ಬೋಮಾಂಟ್ ಎಂಬ ಸೇನೆಯ ವೈದ್ಯನು ಶುಶ್ರೂಷೆ ಮಾಡಿದ. ಬದುಕುವುದಿಲ್ಲ ಎಂದುಕೊಂಡಿದ್ದವನು ಬದುಕಿದ. ಆದರೆ ಹೊಟ್ಟೆಯ ಪಕ್ಕದ ತೂತು ಮುಚ್ಚಲೇ ಇಲ್ಲ, ಅದು ನೇರವಾಗಿ ಜಠರಕ್ಕೇ ತೆರೆದುಕೊಂಡಿತ್ತು. ಬೋಮಾಂಟನು ರೇಷ್ಮೆ ದಾರಕ್ಕೆ ಆಹಾರದ ತುಣುಕುಗಳನ್ನು ಕಟ್ಟಿ ಆ ತೂತಿನಿಂದ ಒಳಗೆ ಇಳಿಬಿಟ್ಟು, ಗಂಟೆಗೊಮ್ಮೆ ಹೊರಗೆಳೆದು ಯಾವುದು ಎಷ್ಟು ಕರಗಿದೆ ಎಂದು ಬರೆದಿಟ್ಟ. ಜಠರದ ರಸವನ್ನು ಸೀಸೆಯಲ್ಲಿ ಹಿಡಿದು ಬೆಚ್ಚಗಿಟ್ಟರೆ ಅಲ್ಲಿಯೂ ಆಹಾರ ಕರಗುವುದನ್ನು ಕಂಡ. ಹಾಗಾದರೆ ಅರಗಿಸುವುದು ಹೊಟ್ಟೆಯ ಹಿಸುಕಾಟ ಒಂದೇ ಅಲ್ಲ, ಆ ರಸದಲ್ಲೇ ಏನೋ ಇದೆ ಎಂದಾಯಿತು. ಅವನ ಪುಸ್ತಕ 1833ರಲ್ಲಿ ಹೊರಬಂತು. ಪಾಪ, ಸೇಂಟ್ ಮಾರ್ಟಿನ್‌ಗೆ ಇದರಿಂದ ಸಿಕ್ಕ ಸುಖ ಅಷ್ಟಕ್ಕಷ್ಟೆ. ಒಬ್ಬನ ಸಂಕಟದಿಂದ ಲೋಕಕ್ಕೆಲ್ಲ ತಿಳಿವಳಿಕೆ ಬಂತು.

ಅದೇ 1833ರಲ್ಲಿ ಫ್ರಾನ್ಸ್ ದೇಶದಲ್ಲಿ ಪಾಯೆನ್ ಮತ್ತು ಪೆರ್ಸೋ ಎಂಬಿಬ್ಬರು ಪಿಷ್ಟವನ್ನು ಸಕ್ಕರೆಯಾಗಿಸುವ ಒಂದು ಪದಾರ್ಥವನ್ನು ಬೇರ್ಪಡಿಸಿ ಅದಕ್ಕೆ ಡಯಾಸ್ಟೇಸ್ ಎಂದು ಹೆಸರಿಟ್ಟರು. ಮನುಷ್ಯನ ಕೈಗೆ ಸಿಕ್ಕ ಮೊದಲ ಕಿಣ್ವ ಇದೇ. ಅದು ಸಿಕ್ಕಿದ್ದು ಎಲ್ಲಿ? ಮೊಳಕೆ ಕಟ್ಟಿದ ಬಾರ್ಲಿಯಲ್ಲಿ. ಈ ಮಾತನ್ನು ತಾಯಂದಿರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ರಾಗಿಯ ವಿಚಾರ ಬಂದಾಗ ಇದು ಬೇಕಾಗುತ್ತದೆ. 1836ರಲ್ಲಿ ಥಿಯೋಡರ್ ಶ್ವಾನ್ ಜಠರರಸದಿಂದ ಪೆಪ್ಸಿನ್ ಎಂಬುದನ್ನು ಗುರುತಿಸಿದ. 1870ರ ದಶಕದಲ್ಲಿ ಕ್ಯೂನೆ ಎಂಬ ಜರ್ಮನ್ ಪಂಡಿತ ಇವಕ್ಕೆಲ್ಲ ಎನ್‌ಜೈಮ್ ಎಂಬ ಹೆಸರು ಕೊಟ್ಟ. ಗ್ರೀಕ್ ಭಾಷೆಯಲ್ಲಿ 'ಹುದುಗಿನೊಳಗೆ ಇರುವುದು' ಎಂದು ಅದರ ಅರ್ಥ. ಕನ್ನಡದ ಕಿಣ್ವ ಎಂಬ ಮಾತೂ ಅಲ್ಲಿಂದಲೇ ಬಂದಂತಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಿಣ್ವವೆಂದರೆ ಹುದುಗು ಬರಿಸುವ ವಸ್ತು. ಪಠ್ಯಪುಸ್ತಕಕ್ಕೆ ಈ ಹಳೆಯ ಪದವನ್ನು ಆರಿಸಿಕೊಟ್ಟ ಪುಣ್ಯಾತ್ಮರು ಯಾರೋ, ಜಾಣರು.

ಇನ್ನು ಊಟಕ್ಕೆ ಬರೋಣ. ಕೆಲಸ ಆರಂಭವಾಗುವುದು ಹೊಟ್ಟೆಯಲ್ಲಲ್ಲ, ಬಾಯಲ್ಲಿ. ದಿನಕ್ಕೆ ಸುಮಾರು ಒಂದರಿಂದ ಒಂದೂವರೆ ಲೀಟರ್ ಜೊಲ್ಲು ಸುರಿಯುತ್ತದೆ. ಹಿಂದೂಪುರದ ಮಾರುಕಟ್ಟೆಯ ಹುಣಿಸೆ ರಾಶಿಯ ಪಕ್ಕದಲ್ಲಿ ಹಾದುಹೋದರೆ ಅಷ್ಟಕ್ಕೇ ಬಾಯಲ್ಲಿ ನೀರೂರುತ್ತದಲ್ಲ, ಆ ನೀರಿನಲ್ಲಿ ಪಿಷ್ಟವನ್ನು ಕತ್ತರಿಸುವ ಅಮೈಲೇಸ್ ಎಂಬ ಕಿಣ್ವವಿದೆ. ಪರೀಕ್ಷೆ ಮಾಡುವುದು ಸುಲಭ. ಬರೀ ಅನ್ನದ ಒಂದು ತುತ್ತನ್ನು ನುಂಗದೆ ಒಂದೆರಡು ನಿಮಿಷ ಅಗಿಯುತ್ತಲೇ ಇರಿ, ಸಿಹಿಯಾಗುತ್ತದೆ. ಶಾಲೆಯ ಮಕ್ಕಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ತಿಳಿಗಂಜಿಯನ್ನು ಎರಡು ಲೋಟಗಳಲ್ಲಿ ಹಾಕಿ, ಒಂದಕ್ಕೆ ಸ್ವಲ್ಪ ಜೊಲ್ಲು ಸೇರಿಸಿ, ಹದಿನೈದು ನಿಮಿಷ ಬಿಟ್ಟು ಎರಡಕ್ಕೂ ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಒಂದೊಂದು ಹನಿ ಬಿಡಬೇಕು. ಬರೀ ಗಂಜಿ ಕಡುನೀಲಿಯಾಗುತ್ತದೆ, ಜೊಲ್ಲು ಸೇರಿದ್ದು ಆಗುವುದಿಲ್ಲ. ಅಲ್ಲಿದ್ದ ಪಿಷ್ಟ ಒಡೆದುಹೋಗಿದೆ ಎಂದು ಅರ್ಥ. ಪ್ರಯೋಗ ಮುಗಿದ ಮೇಲೆ ಲೋಟಗಳನ್ನು ಚೆನ್ನಾಗಿ ತೊಳೆದಿಡಬೇಕು, ಇಲ್ಲದಿದ್ದರೆ ಅಮ್ಮಂದಿರು ವಿಜ್ಞಾನಕ್ಕೇ ಶಾಪ ಹಾಕಿಯಾರು.

ಇಲ್ಲಿ ಈ ಸೀಮೆಯ ಒಂದು ತಕರಾರು ಏಳುತ್ತದೆ. ಮುದ್ದೆಯನ್ನು, ತೆಲುಗಿನವರು ಸಂಗಟಿ ಎನ್ನುವುದನ್ನು, ಯಾರೂ ಅಗಿಯುವುದಿಲ್ಲ. ಮುರಿದು ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಅಗಿಯುವವನನ್ನು ಪಕ್ಕದಲ್ಲಿ ಕೂತವರು ಪಟ್ಟಣದವನೆಂದು ನಗುತ್ತಾರೆ. ಹಾಗಾದರೆ ಜೊಲ್ಲಿನ ಕೆಲಸ ತಪ್ಪಿಹೋಯಿತಲ್ಲ? ಬಹುಪಾಲು ತಪ್ಪಿತು, ನಿಜ. ಆದರೆ ಹಿಟ್ಟು ಮೊದಲೇ ನುಣ್ಣಗೆ ಬೀಸಿ ಚೆನ್ನಾಗಿ ಬೆಂದದ್ದು, ಹಲ್ಲಿನ ಕೆಲಸವನ್ನು ಬೀಸುವ ಕಲ್ಲು ಮಾಡಿದೆ. ಉಳಿದ ಕೆಲಸಕ್ಕೆ ಕೆಳಗೆ ಇನ್ನೊಂದು ಅಮೈಲೇಸ್ ಕಾದಿರುತ್ತದೆ. ಮುದ್ದೆ ನುಂಗಿದ ರೈತ ಬೆಳಗಿನಿಂದ ಸಂಜೆಯವರೆಗೆ ಗುದ್ದಲಿ ಹಿಡಿಯುತ್ತಾನಾದ್ದರಿಂದ ಅದು ಅರಗುತ್ತಿಲ್ಲ ಎಂದು ಯಾರೂ ಹೇಳುವಂತಿಲ್ಲ. ಆದರೆ ಇದೇ ಧೈರ್ಯವನ್ನು ಕಡಲೆಕಾಯಿಯ ಬಳಿ ತೋರಿಸಬಾರದು. ಕಲ್ಯಾಣದುರ್ಗದ ಕಡೆಯವರಿಗೆ ಗೊತ್ತು, ಅವಸರಕ್ಕೆ ಅರೆಬರೆ ಅಗಿದು ನುಂಗಿದ ಶೇಂಗಾ ಬೀಜದ ಚೂರುಗಳು ಹೊಟ್ಟೆಯಿಂದ ಹಾಗೆ ಹಾಗೇ ಹೊರಬೀಳುತ್ತವೆ. ಯಾಕೆಂಬುದನ್ನು ಹಸುವಿನ ಮಾತು ಬಂದಾಗ ಹೇಳಬಹುದು.

ಜಠರದಲ್ಲಿ ಸುರಿಯುವ ಆಮ್ಲ ನಿಂಬೆರಸಕ್ಕಿಂತ ಹುಳಿ. ಅಷ್ಟು ಹುಳಿಯಲ್ಲಿ ಜೊಲ್ಲಿನ ಅಮೈಲೇಸ್ ನಿಂತುಹೋಗುತ್ತದೆ, ಪೆಪ್ಸಿನ್ ಎಚ್ಚರಗೊಳ್ಳುತ್ತದೆ. ಬೇಳೆ, ಹಾಲು, ಕಾಳುಗಳ ಪ್ರೋಟೀನನ್ನು ಅದು ತುಂಡುಮಾಡುತ್ತದೆ. ಹೊಟ್ಟೆಯ ಗೋಡೆಯೂ ಪ್ರೋಟೀನಿನದೇ ತಾನೆ, ಅದನ್ನೇಕೆ ತಿಂದುಹಾಕುವುದಿಲ್ಲ? ಸೃಷ್ಟಿಯ ಜಾಣ್ಮೆ ಇಲ್ಲಿದೆ. ಪೆಪ್ಸಿನ್ ಗ್ರಂಥಿಯಿಂದ ಹೊರಬರುವಾಗ ಒರೆಯಲ್ಲಿಟ್ಟ ಕತ್ತಿಯಂತೆ ಬರುತ್ತದೆ, ಆಮ್ಲ ತಗುಲಿದ ಮೇಲಷ್ಟೇ ಒರೆ ಕಳಚುತ್ತದೆ. ಗೋಡೆಗೆ ಲೋಳೆಯ ಲೇಪವಿರುತ್ತದೆ, ಆ ಗೋಡೆಯ ಮೇಲ್ಪದರವೂ ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತಿರುತ್ತದೆ. ಖಾರ ತಿಂದದ್ದರಿಂದಲೇ ಹೊಟ್ಟೆಹುಣ್ಣು ಎಂದು ಬಹುಕಾಲ ನಂಬಿದ್ದರು. ಬಹಳಷ್ಟು ಹುಣ್ಣುಗಳಿಗೆ ಒಂದು ಬ್ಯಾಕ್ಟೀರಿಯ ಕಾರಣವೆಂದು ತೋರಿಸಿದ ಆಸ್ಟ್ರೇಲಿಯದ ಮಾರ್ಷಲ್ ಮತ್ತು ವಾರನ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಹಿಂದೂಪುರದ ಮೆಣಸಿನಕಾಯಿಯ ಮೇಲಿದ್ದ ಅಪವಾದ ಅರ್ಧಕ್ಕಿಂತ ಹೆಚ್ಚು ತೊಳೆದುಹೋಯಿತು.

ಹೊಟ್ಟೆಯೇ ಎಲ್ಲವನ್ನೂ ಅರಗಿಸುತ್ತದೆ ಎಂಬುದು ಅರ್ಧ ಸತ್ಯ. ನಿಜವಾದ ಪಾಕಶಾಲೆ ಅದರಾಚೆಯ ಸಣ್ಣ ಕರುಳು. ಅದರ ಮೊದಲ ಬಾಗಿಲಲ್ಲೇ ಎರಡು ಕಡೆಯಿಂದ ಸಾಮಗ್ರಿ ಬಂದು ಬೀಳುತ್ತದೆ. ಯಕೃತ್ತಿನಿಂದ ಪಿತ್ತರಸ, ಮೇದೋಜೀರಕ ಗ್ರಂಥಿಯಿಂದ ಕಿಣ್ವಗಳು. ಈ ಎರಡನೆಯ ಗ್ರಂಥಿ ಹೊಟ್ಟೆಯ ಹಿಂದೆ ಅಡಗಿ ಕೂತ ಸಂಕೋಚದ ಜೀವ, ಅದಿದೆಯೆಂದು ಅನೇಕರಿಗೆ ಗೊತ್ತೇ ಇರುವುದಿಲ್ಲ. ಪಿಷ್ಟಕ್ಕೆ ಅಮೈಲೇಸ್, ಪ್ರೋಟೀನಿಗೆ ಟ್ರಿಪ್ಸಿನ್, ಜಿಡ್ಡಿಗೆ ಲೈಪೇಸ್ ಎಂದು ಮೂರನ್ನೂ ಸುರಿಸುವುದು ಅದೊಂದೇ. ಶೇಂಗಾ ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆ. ಎಣ್ಣೆ ನೀರಿನಲ್ಲಿ ಬೆರೆಯದು, ಕಿಣ್ವಗಳೋ ನೀರಿನಲ್ಲಿರುವಂಥವು. ಅಭ್ಯಂಜನದ ದಿನ ಸೀಗೆಪುಡಿ ಎಣ್ಣೆಯ ಜಿಡ್ಡನ್ನು ಬಿಡಿಸುವಂತೆ ಪಿತ್ತರಸವು ಎಣ್ಣೆಯನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ, ಆಮೇಲೆ ಲೈಪೇಸ್ ಅದರ ಮೇಲೆ ಕೂತು ಕತ್ತರಿಸುತ್ತದೆ. ಪಿತ್ತರಸದಲ್ಲಿ ಅರಗಿಸುವ ಕಿಣ್ವ ಇಲ್ಲ, ಆದರೆ ಅದಿಲ್ಲದೆ ಕಿಣ್ವಕ್ಕೆ ಕೈ ಆಡದು.

ಮೇದೋಜೀರಕ ಗ್ರಂಥಿ ಧಾರಾಳಿ. ಅದರ ಲೈಪೇಸ್ ಹತ್ತರಲ್ಲಿ ಒಂಬತ್ತು ಪಾಲು ನಷ್ಟವಾಗುವವರೆಗೂ ಜಿಡ್ಡಿನ ಅರಗುವಿಕೆ ಹೇಗೋ ನಡೆಯುತ್ತದೆ. ಹೀಗಿರುವಾಗ ಆರೋಗ್ಯವಂತರು ಓಳಿಗೆ ಹೆಚ್ಚಾಯಿತೆಂದು ಅಂಗಡಿಗೆ ಓಡಿ ಜೀರ್ಣದ ಸಿರಪ್ ಕುಡಿಯುವುದರಲ್ಲಿ ಅರ್ಥವಿಲ್ಲ. ಆ ಸೀಸೆಯಲ್ಲಿ ಸಾಮಾನ್ಯವಾಗಿ ಇರುವುದು ಬೂಷ್ಟಿನಿಂದ ತೆಗೆದ ಡಯಾಸ್ಟೇಸ್ ಮತ್ತು ಪೆಪ್ಸಿನ್. ಬೂಷ್ಟಿನಿಂದ ಅದನ್ನು ತೆಗೆಯುವ ಕ್ರಮಕ್ಕೆ ಜಪಾನಿನ ತಕಮಿನೆ 1894ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ. ಒಳಗೆ ಬಿಂದಿಗೆಗಟ್ಟಲೆ ಇರುವಾಗ ಹೊರಗಿನಿಂದ ಒಂದು ಚಮಚ! ಗ್ರಂಥಿಯೇ ಕೆಟ್ಟವರ ಮಾತು ಬೇರೆ. ಹೊಟ್ಟೆಯ ಮೇಲ್ಭಾಗದಲ್ಲಿ ಹುಟ್ಟಿ ಬೆನ್ನಿಗೆ ಹಾಯುವ ನೋವು, ಎಣ್ಣೆ ತೇಲುವಂಥ ಮಲ, ಉಂಡರೂ ಇಳಿಯುವ ತೂಕ, ಇವು ಕಂಡರೆ ಸಿರಪ್ಪಿನ ಅಂಗಡಿಗಲ್ಲ, ವೈದ್ಯರಲ್ಲಿಗೆ ಹೋಗಬೇಕು. ಅಂಥವರಿಗೆ ಊಟದ ಜೊತೆ ನುಂಗುವ ಕಿಣ್ವದ ಕ್ಯಾಪ್ಸೂಲುಗಳಿವೆ, ಅವು ನಿಜಕ್ಕೂ ಪ್ರಯೋಜನಕಾರಿ. ಈ ಗ್ರಂಥಿಯನ್ನು ಕೆಡಿಸುವ ಕಾರಣಗಳಲ್ಲಿ ಹೆಂಡ ಮುಖ್ಯವಾದದ್ದು. ಒರೆಯಲ್ಲಿದ್ದ ಕತ್ತಿ ಗ್ರಂಥಿಯ ಒಳಗೇ ಹೊರಬಂದು ಗ್ರಂಥಿಯನ್ನೇ ಇರಿಯುವ ಆ ಬೇನೆ ಪ್ರಾಣಕ್ಕೇ ಎರವಾಗಬಲ್ಲದು.

ಕೊನೆಯ ಕತ್ತರಿಗಳು ಸಣ್ಣ ಕರುಳಿನ ಗೋಡೆಯಲ್ಲೇ ನಾಟಿರುತ್ತವೆ. ಇದನ್ನು ತಿಳಿಯಲು ಪಂಚಾಮೃತದ ಬಟ್ಟಲಿಗಿಂತ ಒಳ್ಳೆಯ ಪಾಠವಿಲ್ಲ. ಸಕ್ಕರೆಯನ್ನು ಎರಡು ಭಾಗ ಮಾಡುವುದು ಸುಕ್ರೇಸ್ ಎಂಬ ಕಿಣ್ವ. ತುಪ್ಪಕ್ಕೆ ಆಗಲೇ ಹೇಳಿದ ಲೈಪೇಸ್. ಜೇನಿನಲ್ಲಿ ಈ ಕಿಣ್ವಗಳಿಗೆ ಹೆಚ್ಚು ಕೆಲಸವಿಲ್ಲ, ಹೂವಿನ ರಸದ ಸಕ್ಕರೆಯನ್ನು ಜೇನುಹುಳ ತನ್ನ ಕಿಣ್ವದಿಂದ ಒಡೆದೇ ಗೂಡಿಗೆ ತುಂಬಿರುತ್ತದೆ. ಜೊತೆಗೆ ಹಾಕುವ ಬಾಳೆಹಣ್ಣೂ ಹಾಗೆಯೇ, ಕಾಯಿಯಲ್ಲಿದ್ದ ಪಿಷ್ಟವನ್ನು ಹಣ್ಣಾಗುವಾಗ ಅದರೊಳಗಿನ ಅಮೈಲೇಸೇ ಸಿಹಿಯಾಗಿಸಿರುತ್ತದೆ. ತೊಡಕಿರುವುದು ಹಾಲಿನಲ್ಲಿ. ಹಾಲಿನ ಸಕ್ಕರೆಗೆ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಎಳೆಯ ಮಕ್ಕಳಲ್ಲಿ ಅದು ಸಮೃದ್ಧ. ಬೆಳೆದಂತೆ ಬಹುಮಂದಿಯಲ್ಲಿ ಕಡಿಮೆಯಾಗುತ್ತದೆ. ವಾಯವ್ಯ ಭಾರತದಲ್ಲಿ ದೊಡ್ಡವರಾದರೂ ಅದನ್ನು ಉಳಿಸಿಕೊಳ್ಳುವವರು ಹೆಚ್ಚು, ದಕ್ಷಿಣಕ್ಕೆ ಬಂದಂತೆ ಅವರ ಸಂಖ್ಯೆ ಇಳಿಯುತ್ತದೆ. ಒಂದು ದೊಡ್ಡ ಲೋಟ ಹಾಲು ಕುಡಿದರೆ ಹೊಟ್ಟೆ ಗುಡುಗುಡು ಎನ್ನುವವರು ಇದ್ದರೆ ಅದು ರೋಗವೂ ಅಲ್ಲ, ದೇವರ ಪ್ರಸಾದದ ದೋಷವೂ ಅಲ್ಲ. ಉದ್ಧರಣೆಯಷ್ಟು ಪಂಚಾಮೃತದಿಂದ ಅವರಿಗೇನೂ ಆಗದು. ಮೊಸರಾದರೆ ಇನ್ನೂ ಹಗುರ, ಏಕೆಂದರೆ ಹೆಪ್ಪಿನ ಸೂಕ್ಷ್ಮಜೀವಿಗಳು ಆ ಸಕ್ಕರೆಯ ಒಂದಷ್ಟನ್ನು ತಾವೇ ತಿಂದು, ಉಳಿದದ್ದನ್ನು ಒಡೆಯುವ ಕಿಣ್ವವನ್ನೂ ಜೊತೆಗೆ ತರುತ್ತವೆ. ಪಂಕ್ತಿಯ ಕೊನೆಗೆ ಮಜ್ಜಿಗೆ ಬಡಿಸುವ ಪದ್ಧತಿ ಹಾಕಿದವರು ಲ್ಯಾಕ್ಟೇಸಿನ ಹೆಸರು ಕೇಳಿದವರಲ್ಲ.

ಈಗ ಹಸುವಿನ ಮಾತು. ಊಟದೆಲೆ ಎತ್ತಿದ ಮೇಲೆ ಆ ಬಾಳೆಲೆಯನ್ನು ಹಸು ಚಪ್ಪರಿಸಿ ತಿನ್ನುತ್ತದೆ. ಎಲೆಯ ಮೇಲಿದ್ದ ಅನ್ನವೂ ಗ್ಲೂಕೋಸಿನ ಹಾರ, ಎಲೆಯ ನಾರೂ ಗ್ಲೂಕೋಸಿನ ಹಾರವೇ! ಹೂವು ಅದೇ, ಗಂಟು ಮಾತ್ರ ಬೇರೆ. ಆ ಗಂಟನ್ನು ಬಿಚ್ಚುವ ಕಿಣ್ವ ಮನುಷ್ಯನಿಗೆ ಕೊಟ್ಟಿಲ್ಲ. ಹಸುವಿಗೂ ಸ್ವಂತದ್ದಿಲ್ಲ, ಅದರ ದೊಡ್ಡ ಹೊಟ್ಟೆಯಲ್ಲಿ ನೆಲೆಸಿರುವ ಕೋಟಿ ಕೋಟಿ ಸೂಕ್ಷ್ಮಜೀವಿಗಳು ಆ ಕೆಲಸ ಮಾಡಿಕೊಡುತ್ತವೆ. ಲೇಪಾಕ್ಷಿಯ 27 ಅಡಿ ಉದ್ದದ ಕಲ್ಲಿನ ಬಸವಣ್ಣನನ್ನು ನೋಡಿದವರು ಅಷ್ಟು ದೊಡ್ಡ ಮೈ ಬರೀ ಹುಲ್ಲಿನಿಂದ ಹೇಗೆ ಬೆಳೆದೀತು ಎಂದು ಯೋಚಿಸಿದ್ದರೆ ಉತ್ತರ ಇದು. ಶೇಂಗಾ ಬೀಜದ ಎಣ್ಣೆ ಇಂಥದೇ ನಾರಿನ ಗೋಡೆಯ ಕೋಣೆಗಳೊಳಗಿರುತ್ತದೆ. ಹಲ್ಲು ಆ ಗೋಡೆ ಒಡೆಯದಿದ್ದರೆ ಕಿಣ್ವ ಒಳಗೆ ಹೋಗಲಾರದು. ಅವರೆ, ಅಲಸಂದೆ, ಹುರುಳಿ, ಕಡಲೆಗಳ ವಾಯುವಿಗೂ ಕಾರಣ ಹತ್ತಿರದ್ದೇ. ಅವುಗಳಲ್ಲಿರುವ ಕೆಲವು ಸಕ್ಕರೆಗಳಿಗೆ ಮನುಷ್ಯನಲ್ಲಿ ಕತ್ತರಿಯಿಲ್ಲ, ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಅವನ್ನು ಹುದುಗಿಸಿ ಗಾಳಿ ಎಬ್ಬಿಸುತ್ತವೆ. ನೆನೆಸಿ ಆ ನೀರು ಚೆಲ್ಲಿದರೆ ಉಪದ್ರವ ಕಡಿಮೆ, ಮೊಳಕೆ ಬರಿಸಿದರೆ ಇನ್ನೂ ಕಡಿಮೆ. ಕಾಳು ತನ್ನ ಮೊಳಕೆಗಾಗಿ ಆ ಸಕ್ಕರೆಗಳನ್ನು ಖರ್ಚುಮಾಡಿಬಿಟ್ಟಿರುತ್ತದೆ.

ಮೊಳಕೆಯ ಮಾತು ಬಂತು, ಇನ್ನು ರಾಗಿ. ಅತಿ ಕಡಿಮೆ ಮಳೆಯ ಈ ಸೀಮೆಯಲ್ಲಿ ಬಡವರ ಹೊಟ್ಟೆ ಕಾಯ್ದ ಧಾನ್ಯಗಳಲ್ಲಿ ಇದು ಮೊದಲನೆಯದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ, ಅಕ್ಕಿಗೂ ಗೋಧಿಗೂ ಇದರ ಹತ್ತಿರ ಬರಲಾಗದು. ಆದರೆ ರಾಗಿಗೆ ಒಂದು ಗುಟ್ಟಿದೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಶಿವರಾಜ್ ಮತ್ತು ಪಟ್ಟಾಭಿರಾಮನ್ ಎಂಬ ಜೀವರಸಾಯನ ವಿಜ್ಞಾನಿಗಳು 1981ರಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ ಅದನ್ನು ಪ್ರಕಟಿಸಿದರು. ಹಸಿ ರಾಗಿಯಲ್ಲಿ ಒಂದು ಪುಟ್ಟ ಪ್ರೋಟೀನ್ ಇದೆ, ಅದು ಅಮೈಲೇಸನ್ನೂ ಟ್ರಿಪ್ಸಿನ್ನನ್ನೂ ಎರಡನ್ನೂ ಒಟ್ಟಿಗೆ ಹಿಡಿದು ನಿಲ್ಲಿಸಬಲ್ಲದು. ಒಂದೇ ಬೆಣೆಯಿಂದ ಎರಡು ಕತ್ತರಿ ಕಟ್ಟಿಹಾಕುವ ವಿದ್ಯೆ! ಕಾಳು ತಿನ್ನಲು ಬರುವ ಹುಳದ ಹೊಟ್ಟೆಯನ್ನು ಕೆಡಿಸುವುದಕ್ಕೆ ಇಂಥ ಪ್ರೋಟೀನುಗಳು ಧಾನ್ಯಗಳಲ್ಲಿವೆ ಎಂದು ವಿಜ್ಞಾನಿಗಳ ಅಭಿಪ್ರಾಯ. ರಾಗಿ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತಲ್ಲ, ಅದಕ್ಕೆ ಕಾಳಿನ ಗಟ್ಟಿ ಹೊಟ್ಟಿನ ಜೊತೆ ಇದರ ಪಾಲೂ ಇದ್ದೀತು. ಚೆನ್ನಾಗಿ ಬೇಯಿಸಿದರೆ, ಮೊಳಕೆ ಬರಿಸಿದರೆ ಇದರ ಕಾಟ ತಗ್ಗುತ್ತದೆ. ಮುದ್ದೆಯ ಹಿಟ್ಟನ್ನು ಅಷ್ಟು ಹೊತ್ತು ಕುದಿಸಿ ತೊಳಸುವುದು ದಂಡವಲ್ಲ. ಸಕ್ಕರೆ ಕಾಯಿಲೆಗೆ ವೈದ್ಯರು ಕೊಡುವ ಅಕಾರ್ಬೋಸ್ ಎಂಬ ಮಾತ್ರೆಯೂ ಹೀಗೆಯೇ ಪಿಷ್ಟದ ಕತ್ತರಿಗಳನ್ನು ತಡೆದು ನಿಧಾನಿಸುವಂಥದು. ಆದರೆ ಇಷ್ಟನ್ನೇ ಕೇಳಿಕೊಂಡು ಸಕ್ಕರೆ ಕಾಯಿಲೆಯವರು ಮುದ್ದೆಯನ್ನು ಎಷ್ಟು ಬೇಕಾದರೂ ನುಂಗಬಹುದೆಂದು ತಿಳಿಯಬಾರದು. ಬೆಂದ ರಾಗಿಯೂ ಕೊನೆಗೆ ಸಕ್ಕರೆಯೇ.

ಮೊಳಕೆ ಒಡೆದ ರಾಗಿಯಲ್ಲಿ ಆಗುವುದೇ ಬೇರೆ. ನೆನೆದ ಕಾಳಿಗೆ ತನ್ನ ಎಳೆಯ ಕುಡಿಗೆ ಉಣಿಸಬೇಕಾದ ತುರ್ತು. ಉಗ್ರಾಣದಲ್ಲಿ ಪಿಷ್ಟದ ಮೂಟೆಗಳಿವೆ, ಬೀಗ ಹಾಕಿದೆ. ಆಗ ಅದು ಅಮೈಲೇಸನ್ನು ತಯಾರಿಸಿ ಬೀಗ ತೆಗೆಯುತ್ತದೆ. ಪಾಯೆನ್ ಮತ್ತು ಪೆರ್ಸೋ ಬಾರ್ಲಿಯಲ್ಲಿ ಕಂಡದ್ದು ಇದನ್ನೇ. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು ಬೇರೆ ಬೇರೆ ಧಾನ್ಯಗಳಿಗೆ ಮೊಳಕೆ ಬರಿಸಿ ಹೋಲಿಸಿ ನೋಡಿ, ಕಿರುಧಾನ್ಯಗಳಲ್ಲಿ ರಾಗಿ ಮೊಳಕೆಯ ಅಮೈಲೇಸ್ ಬಲವಾದದ್ದೆಂದು ಕಂಡರು. 1982ರಲ್ಲಿ ಮೊಳಕೆ ರಾಗಿ ಮತ್ತು ಹೆಸರುಕಾಳಿನಿಂದ ಹಸುಳೆಗಳ ಆಹಾರವೊಂದನ್ನು ರೂಪಿಸಿ ಪ್ರಕಟಿಸಿದರು. ಅಜ್ಜಿಯರು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ ಮಾಡುತ್ತಿದ್ದ ರಾಗಿಸರಿಯನ್ನೇ ವಿಜ್ಞಾನಿಗಳು ಅಳೆದು ತೂಗಿದರೆಂದರೆ ತಪ್ಪಾಗದು.

ಇದರಲ್ಲಿ ಅಂಥ ವಿಶೇಷವೇನು? ಹಸುಳೆಯ ಮೇದೋಜೀರಕ ಗ್ರಂಥಿ ಹುಟ್ಟಿದಾಗ ಅಮೈಲೇಸನ್ನು ಹೆಚ್ಚುಕಡಿಮೆ ಕೊಡುವುದೇ ಇಲ್ಲ, ತಿಂಗಳುಗಳು ಕಳೆದಂತೆ ನಿಧಾನವಾಗಿ ಕಲಿಯುತ್ತದೆ. ತಾಯಿಯ ಹಾಲಿನಲ್ಲೇ ಸ್ವಲ್ಪ ಅಮೈಲೇಸೂ ಒಂದು ಬಗೆಯ ಲೈಪೇಸೂ ಸೇರಿ ಬರುತ್ತವೆಂದರೆ ಆ ಹಾಲು ಬರೀ ಆಹಾರವಲ್ಲ, ಅರಗಿಸುವ ಸಲಕರಣೆಯೊಂದಿಗೆ ಬಂದ ಆಹಾರ. ಆರು ತಿಂಗಳು ತುಂಬುವವರೆಗೆ ಬೇರೇನೂ ಬೇಡ, ನೀರೂ ಬೇಡ ಎಂದು ವೈದ್ಯರು ಹೇಳುವುದು ಇದಕ್ಕೂ ಹೊಂದುತ್ತದೆ. ದೇವಸ್ಥಾನದಲ್ಲಿ ಅನ್ನಪ್ರಾಶನಕ್ಕೆ ಮಗುವನ್ನು ತರುವುದೂ ಆ ಹೊತ್ತಿನ ಸುಮಾರಿಗೇ. ಗಂಡಾಂತರ ಇರುವುದು ಅದರ ಮುಂದಿನ ಒಂದು ವರ್ಷದಲ್ಲಿ. ಅಂಗೈಯಷ್ಟಗಲದ ಹೊಟ್ಟೆ. ಸರಿಯನ್ನು ಗಟ್ಟಿಯಾಗಿ ಮಾಡಿದರೆ ಮಗು ನುಂಗಲಾರದೆ ಉಗುಳುತ್ತದೆ. ಕೂಲಿಗೆ ಹೋಗುವ ಅವಸರದಲ್ಲಿರುವ ತಾಯಿ ಇನ್ನಷ್ಟು ನೀರು ಹಾಕಿ ತೆಳ್ಳಗೆ ಮಾಡುತ್ತಾಳೆ. ಮಗು ಕುಡಿಯುತ್ತದೆ, ಹೊಟ್ಟೆಯೂ ತುಂಬುತ್ತದೆ, ಅದರಲ್ಲಿ ಮುಕ್ಕಾಲು ಪಾಲು ನೀರು. ಮಗು ಅಳುವುದಿಲ್ಲ, ಬೆಳೆಯುವುದೂ ಇಲ್ಲ. ಬರದ ಸೀಮೆಯಲ್ಲಿ ಎಷ್ಟೋ ಕೂಸುಗಳು ಸೊರಗುವುದು ಮನೆಯಲ್ಲಿ ಹಿಟ್ಟಿಲ್ಲದೆಯೇ ಎಂದು ಹೇಳಲಾಗದು, ಹಿಟ್ಟು ನೀರಿನಲ್ಲಿ ಕಳೆದುಹೋಗಿಯೂ ಸೊರಗುತ್ತವೆ.

ಮೊಳಕೆ ಹಿಟ್ಟು ಈ ತೊಡಕನ್ನು ಬಿಡಿಸುತ್ತದೆ. ಅದರ ಅಮೈಲೇಸ್ ಗಂಜಿಯ ಉದ್ದನೆಯ ಹಾರಗಳನ್ನು ತುಂಡರಿಸಿಬಿಡುವುದರಿಂದ ಹಿಟ್ಟು ಹೆಚ್ಚು ಹಾಕಿದರೂ ಸರಿ ತೆಳ್ಳಗಿರುತ್ತದೆ. ಅದೇ ಬಟ್ಟಲು, ಅದೇ ತೆಳುವು, ಹಿಟ್ಟು ಮಾತ್ರ ಹೆಚ್ಚು. ಬರೋಡಾ ವಿಶ್ವವಿದ್ಯಾಲಯದಲ್ಲಿ ತಾರಾ ಗೋಪಾಲದಾಸ್ ಅವರು 1980ರ ದಶಕದಲ್ಲಿ ಇನ್ನೊಂದು ಉಪಾಯವನ್ನು ಪ್ರಚಾರಕ್ಕೆ ತಂದರು. ಯಾವ ಹಿಟ್ಟಿನ ಗಂಜಿಯಾದರೂ ಗಟ್ಟಿಯಾಗಿ ಬೇಯಿಸಿ ಇಳಿಸಿ, ಕುದಿ ಅಡಗಿದ ಮೇಲೆ ಒಂದು ಚಿಕ್ಕ ಚಮಚ ಮೊಳಕೆ ಹಿಟ್ಟನ್ನು ಕದಡಿದರೆ ಕೆಲವೇ ನಿಮಿಷಗಳಲ್ಲಿ ಕಣ್ಣೆದುರಿಗೇ ನೀರಾಗುತ್ತದೆ. ನೋಡದವರಿಗೆ ನಂಬಿಕೆ ಬಾರದು. ಹಾಗೆ ತೆಳ್ಳಗಾದ ಮೇಲೆ ಒಮ್ಮೆ ಮತ್ತೆ ಕುದಿಸಿಬಿಟ್ಟರೆ ಹಿಟ್ಟಿನೊಂದಿಗೆ ಬಂದ ಕ್ರಿಮಿಗಳ ಭಯವಿರುವುದಿಲ್ಲ.

ಮಾಡುವ ಕ್ರಮ ಗೊತ್ತಿದ್ದವರು ಮನ್ನಿಸಬೇಕು, ಗೊತ್ತಿಲ್ಲದ ಹೊಸ ತಾಯಂದಿರಿಗಾಗಿ ಈ ಮಾತು. ರಾಗಿಯನ್ನು ಕಲ್ಲು ಆರಿಸಿ ತೊಳೆದು ಒಂದು ರಾತ್ರಿ ನೆನೆಸಿ, ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಒಂದೆರಡು ದಿನ ಇಡಬೇಕು. ಬಟ್ಟೆ ಒಣಗದಂತೆ ನೀರು ಚಿಮುಕಿಸುತ್ತಿರಬೇಕು. ಬೂಷ್ಟು ಕಂಡರೆ, ಮುಗ್ಗಲು ವಾಸನೆ ಬಂದರೆ ಮಗುವಿಗೆ ಕೊಡದೆ ಚೆಲ್ಲಿಬಿಡಬೇಕು. ಮೊಳಕೆ ಬಂದದ್ದನ್ನು ಚೆನ್ನಾಗಿ ಒಣಗಿಸಿ, ಉಜ್ಜಿ ಬೇರು ತೆಗೆದು, ಸಣ್ಣ ಉರಿಯಲ್ಲಿ ಬೆಚ್ಚಗೆ ಹುರಿದು ಬೀಸಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಇಲ್ಲೇ ಅನೇಕರು ಎಡವುವುದು. ಘಮ ಬರಲೆಂದು ಕೆಂಪಗೆ ಹುರಿದರೆ ಘಮವೇನೋ ಬರುತ್ತದೆ, ಒಳಗಿನ ಕೆಲಸಗಾರ ಸತ್ತುಹೋಗುತ್ತಾನೆ. ಕಿಣ್ವಕ್ಕೆ ಅತಿಯಾದ ಬಿಸಿ ಆಗದು. ಅದೇ ಕಾರಣಕ್ಕೆ ಸರಿ ಮಾಡುವಾಗ ಹಿಟ್ಟನ್ನು ಕುದಿಯುವ ನೀರಿಗೆ ಸುರಿಯಬಾರದು. ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ನಿಧಾನವಾಗಿ ಕಾಯಿಸಬೇಕು. ನೀರು ಕೈಸುಡುವಷ್ಟು ಕಾದು ಇನ್ನೂ ಕುದಿಗೆ ಬಾರದ ಆ ಕೆಲವು ನಿಮಿಷಗಳಲ್ಲೇ ಅಮೈಲೇಸ್ ತನ್ನ ಕೆಲಸವನ್ನೆಲ್ಲ ಮುಗಿಸುತ್ತದೆ, ಆಮೇಲೆ ಕುದಿ ಬಂದು ಅದು ಅಳಿದರೂ ನಷ್ಟವಿಲ್ಲ. ಮೊಳಕೆಯಿಂದ ಇನ್ನೊಂದು ಲಾಭವೂ ಇದೆ. ಧಾನ್ಯದಲ್ಲಿ ಕಬ್ಬಿಣ ಮತ್ತು ಸುಣ್ಣದಂಶಗಳನ್ನು ಹಿಡಿದಿಟ್ಟುಕೊಂಡಿರುವ ಫೈಟೇಟ್ ಎಂಬ ಪದಾರ್ಥವನ್ನು ಒಡೆಯುವ ಕಿಣ್ವವೂ ಆಗ ಎಚ್ಚರವಾಗಿ ಅವು ಮೈಗೆ ಹತ್ತುವಂತಾಗುತ್ತವೆ.

ಎಂಟು ತಿಂಗಳ ಮೇಲೆ ಸರಿಗೆ ಒಂದಿಷ್ಟು ಶೇಂಗಾ ಪುಡಿ, ಬೇಯಿಸಿ ಮಸೆದ ಹೆಸರುಬೇಳೆ, ಅರ್ಧ ಚಮಚ ತುಪ್ಪ ಸೇರಿಸಬಹುದು. ಶೇಂಗಾ ಹುರಿದು ನುಣ್ಣಗೆ ಪುಡಿ ಮಾಡಿದ್ದಾಗಿರಬೇಕು, ಇಡೀ ಬೀಜ ಮಗುವಿನ ಗಂಟಲಿಗೆ ಅಪಾಯ. ಮುಗ್ಗು ಹಿಡಿದ ಬೀಜ ಬೇಡವೇ ಬೇಡ. ಇನ್ನು ಬಟ್ಟಲಿನಲ್ಲಿ ಉಳಿದ ಸರಿಯ ವಿಚಾರ. ಮಗು ಚಪ್ಪರಿಸಿದ ಚಮಚವನ್ನೇ ಮತ್ತೆ ಮತ್ತೆ ಅದ್ದಿದ ಸರಿ ಸ್ವಲ್ಪ ಹೊತ್ತಿಗೆ ನೀರು ನೀರಾಗುವುದನ್ನು ಎಲ್ಲ ತಾಯಂದಿರೂ ನೋಡಿರುತ್ತಾರೆ. ಅದು ಮಗುವಿನ ಜೊಲ್ಲಿನ ಅಮೈಲೇಸ್ ಬಟ್ಟಲಿನಲ್ಲೂ ಕೆಲಸ ಮುಂದುವರಿಸಿದ್ದರ ಗುರುತು. ಜೊಲ್ಲಿನ ಜೊತೆ ಬಾಯಿಯ ಕ್ರಿಮಿಗಳೂ ಇಳಿದು, ಸಿಹಿಯಾದ ಬೆಚ್ಚಗಿನ ಸರಿಯಲ್ಲಿ ಹೆಚ್ಚುತ್ತಿರುತ್ತವೆ. ಎಂಜಲಾದದ್ದನ್ನು ಸಂಜೆಗೆ ಎತ್ತಿಡಬೇಡ ಎಂದು ಅತ್ತೆ ಗದರಿದರೆ ಸೊಸೆ ಮುನಿಸಿಕೊಳ್ಳಬೇಕಾಗಿಲ್ಲ. ಬೇಕಾದಷ್ಟನ್ನೇ ಬೇರೆ ಬಟ್ಟಲಿಗೆ ಬಗ್ಗಿಸಿಕೊಂಡು ಉಣಿಸಿ, ಮಿಕ್ಕದ್ದನ್ನು ಚೆಲ್ಲಿ, ಸಂಜೆಗೆ ಹೊಸದಾಗಿ ಕಾಯಿಸಬೇಕು.